ಯುವೆಂಟಸ್ ತಂಡವನ್ನು ಸೋಲಿಸಿದ ಗಣಿ ಹಳ್ಳಿಯ ಕ್ಲಬ್: ವೆಸ್ಟ್ ಆಕ್ಲೆಂಡ್ ಚರಿತ್ರೆಯಲ್ಲಿ ನಿಜವೆಷ್ಟು?

ಪ್ರಶ್ನೆ: ಶಿವಮೊಗ್ಗದ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಬೋಧಿಸುತ್ತೇನೆ. ಸಂಜೆ ಹೊತ್ತು ಶಾಲೆಯ ಫುಟ್‌ಬಾಲ್ ತಂಡವನ್ನೂ ನೋಡಿಕೊಳ್ಳುತ್ತೇನೆ. ಆರ್ಸೆನಲ್, ಲಿವರ್‌ಪೂಲ್ ಆಟಗಾರರ ಹೆಸರುಗಳು ನಮ್ಮ ಮಕ್ಕಳಿಗೆ ಬಾಯಿಪಾಠವಾಗಿವೆ. ಆದರೆ ಇಂಗ್ಲೆಂಡಿನ ಮೇಲಿನ ನಾಲ್ಕು ವಿಭಾಗಗಳ 92 ಕ್ಲಬ್‌ಗಳ ಆಚೆಗೆ, ‘ನಾನ್-ಲೀಗ್’ ಎಂದು ಕರೆಯಲಾಗುವ, ಸಣ್ಣ ಸಣ್ಣ ಊರುಗಳ ಅಸಂಖ್ಯ ಕ್ಲಬ್‌ಗಳು ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ನಡೆದುಬಂದಿವೆ ಎಂಬುದು ಅವರಿಗೆ ಗೊತ್ತಿಲ್ಲ. ಶಾಲೆಯ ವಾರ್ಷಿಕ ಸಂಚಿಕೆಗೆ ಅಂಥದೊಂದು ಕ್ಲಬ್ಬಿನ ಚರಿತ್ರೆಯನ್ನು ಬರೆಯಬೇಕೆಂದು ಹೊರಟಾಗ, ಡರ್ಹಮ್ ಕೌಂಟಿಯ ವೆಸ್ಟ್ ಆಕ್ಲೆಂಡ್ ಎಂಬ ಹಳ್ಳಿಯ ಕಥೆ ಕಣ್ಣಿಗೆ ಬಿತ್ತು. ಕಲ್ಲಿದ್ದಲು ಗಣಿಯ ಕೂಲಿಕಾರರ ತಂಡವೊಂದು ಇಟಲಿಗೆ ಹೋಗಿ, ಯುವೆಂಟಸ್ ತಂಡವನ್ನು 6-1ರಿಂದ ಸೋಲಿಸಿ, ‘ಮೊದಲ ವಿಶ್ವಕಪ್’ ಗೆದ್ದು ತಂದಿತು ಎಂದು ಅದರಲ್ಲಿದೆ.

ಈ ಕಥೆಯಲ್ಲಿ ಎಷ್ಟು ನಿಜ, ಎಷ್ಟು ಬಣ್ಣ? ಅಷ್ಟು ಸಣ್ಣ ಹಳ್ಳಿಯ ತಂಡವನ್ನೇ ಯಾಕೆ ಕಳಿಸಿದರು? ಗೆದ್ದು ಬಂದ ಮೇಲೆ ಆ ಕ್ಲಬ್ ಏನಾಯಿತು? ಮಕ್ಕಳ ಕೈಗೆ ಕೊಡುವ ಬರಹವಾದ್ದರಿಂದ ತಪ್ಪಿಲ್ಲದೆ ಬರೆಯಬೇಕೆಂಬ ಆಸೆ. ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ: ಕೊಪ್ಪದ ಕಾಫಿ ಬೆಳೆಗಾರ

ಮೇಷ್ಟ್ರೇ, ಪಂದ್ಯಗಳು ನಡೆದದ್ದು ನಿಜ, ಅಂಕಗಳೂ ನಿಜ. ‘ವಿಶ್ವಕಪ್’ ಎಂಬ ಹೆಸರು ಮಾತ್ರ ಆಮೇಲೆ ಅಂಟಿಕೊಂಡದ್ದು. ಅದರ ಹಿಂದಿನ ಕಥೆ ನಮ್ಮ ತೋಟಗಳಿಗೆ ತೀರ ದೂರದ್ದಲ್ಲ. ಆದ್ದರಿಂದ ಅಲ್ಲಿಂದಲೇ ಶುರು ಮಾಡುತ್ತೇನೆ.

ಸಿಲೋನಿನಲ್ಲಿ 1869ರಲ್ಲಿ ಕಾಣಿಸಿಕೊಂಡ ಎಲೆ ತುಕ್ಕು ರೋಗ ಅಲ್ಲಿನ ಕಾಫಿಯನ್ನು ಕೆಲವೇ ದಶಕಗಳಲ್ಲಿ ಹೇಳಹೆಸರಿಲ್ಲದಂತೆ ಮಾಡಿತು. ಹಾಳುಬಿದ್ದ ತೋಟಗಳ ಬೆಲೆ ಪಾತಾಳಕ್ಕೆ ಇಳಿದಿದ್ದಾಗ, ಗ್ಲಾಸ್ಗೋ ನಗರದ ಕಿರಾಣಿ ವ್ಯಾಪಾರಿ ಥಾಮಸ್ ಲಿಪ್ಟನ್ 1890ರಲ್ಲಿ ಅಲ್ಲಿಗೆ ಹೋಗಿ ತೋಟಗಳನ್ನು ಕೊಂಡು, ಚಹಾವನ್ನು ಬಡವರ ಮನೆಗೂ ಎಟಕುವ ಬೆಲೆಗೆ ಮಾರಿ ದೊಡ್ಡ ಶ್ರೀಮಂತನಾದ. ಕ್ರೀಡೆಯೆಂದರೆ ಅವನಿಗೆ ಪ್ರಾಣ. ಅಮೆರಿಕಾಸ್ ಕಪ್ ಎಂಬ ಹಾಯಿದೋಣಿ ಸ್ಪರ್ಧೆಗೆ ಐದು ಸಲ ಇಳಿದು, ಐದು ಸಲವೂ ಸೋತು, ಸೋಲಿನಿಂದಲೇ ಜನಪ್ರಿಯನಾದ ಮನುಷ್ಯ ಅವನು. ಇಟಲಿಯ ಅರಸ ಅವನಿಗೆ ಗೌರವ ಪದವಿ ನೀಡಿದ್ದರ ನೆನಪಿಗೆ ಬೆಳ್ಳಿಯ ಟ್ರೋಫಿಯೊಂದನ್ನು ಕೊಟ್ಟ. ಅದಕ್ಕಾಗಿ ಟ್ಯೂರಿನ್ ನಗರದಲ್ಲಿ 1909ರ ಏಪ್ರಿಲ್‌ನಲ್ಲಿ ಇಟಲಿ, ಜರ್ಮನಿ, ಸ್ವಿಟ್ಜರ್ಲೆಂಡ್ ಮತ್ತು ಇಂಗ್ಲೆಂಡಿನ ಒಂದೊಂದು ತಂಡ ಸೆಣಸಿದವು. ವೆಸ್ಟ್ ಆಕ್ಲೆಂಡ್ ಮೊದಲು ಸ್ಟುಟ್‌ಗಾರ್ಟ್ ತಂಡವನ್ನು 2-0ರಿಂದ, ಫೈನಲ್‌ನಲ್ಲಿ ಸ್ವಿಟ್ಜರ್ಲೆಂಡಿನ ವಿಂಟರ್‌ಥೂರ್ ತಂಡವನ್ನು ಮತ್ತೆ 2-0ರಿಂದ ಸೋಲಿಸಿತು. 1911ರಲ್ಲಿ ಟ್ರೋಫಿ ಉಳಿಸಿಕೊಳ್ಳಲು ಹೋದಾಗ ಜ್ಯೂರಿಕ್ ತಂಡವನ್ನು 2-0ರಿಂದ ಮಣಿಸಿ, ಫೈನಲ್‌ನಲ್ಲಿ ಯುವೆಂಟಸ್ ವಿರುದ್ಧ 6-1ರಿಂದ ಗೆದ್ದಿತು. ಎರಡು ಸಲ ಗೆದ್ದದ್ದರಿಂದ ಟ್ರೋಫಿ ಶಾಶ್ವತವಾಗಿ ಅವರದಾಯಿತು.

ಇದನ್ನು ವಿಶ್ವಕಪ್ ಎಂದು ಬರೆಯಬೇಡಿ. ಫಿಫಾದ ವಿಶ್ವಕಪ್ ಶುರುವಾದದ್ದು 1930ರಲ್ಲಿ, ಉರುಗ್ವೆಯಲ್ಲಿ. ಲಿಪ್ಟನ್ ಟ್ರೋಫಿಗೆ ಮೊದಲೇ, 1908ರಲ್ಲಿ, ಲಂಡನ್ ಒಲಿಂಪಿಕ್ಸ್‌ನಲ್ಲಿ ದೇಶಗಳ ತಂಡಗಳು ಫುಟ್‌ಬಾಲ್ ಆಡಿದ್ದವು; ಅದೇ ವರ್ಷ ಟ್ಯೂರಿನ್‌ನಲ್ಲಿಯೇ ಬೇರೆ ಬೇರೆ ದೇಶಗಳ ಕ್ಲಬ್‌ಗಳ ಒಂದು ಟೂರ್ನಿಯೂ ನಡೆದಿತ್ತು. ಹಾಗೆಯೇ 1911ರ ಯುವೆಂಟಸ್ ಇವತ್ತಿನ ಯುವೆಂಟಸ್ ಅಲ್ಲ ಎಂಬುದನ್ನೂ ಮಕ್ಕಳಿಗೆ ಹೇಳಬೇಕು. ಅದು 1897ರಲ್ಲಿ ಶಾಲಾ ಹುಡುಗರು ಕಟ್ಟಿಕೊಂಡ ಕ್ಲಬ್. ಅದರ ಹೆಸರಾಂತ ಕಪ್ಪು ಬಿಳುಪಿನ ಪಟ್ಟೆ ಅಂಗಿ 1903ರಲ್ಲಿ ಇಂಗ್ಲೆಂಡಿನ ನಾಟ್ಸ್ ಕೌಂಟಿ ತಂಡದ ಮಾದರಿಯಲ್ಲಿ ಬಂದದ್ದು. ಫಿಯಟ್ ಕಾರಿನ ಆನ್ಯೆಲ್ಲಿ ಮನೆತನ ಆ ಕ್ಲಬ್ಬನ್ನು ಕೈಗೆ ತೆಗೆದುಕೊಂಡದ್ದು 1923ರಲ್ಲಿ. ಇಷ್ಟು ಹೇಳಿದ ಮೇಲೂ ಗಣಿ ಹುಡುಗರ ಗೆಲುವು ಚಿಕ್ಕದಾಗುವುದಿಲ್ಲ. ಪಶ್ಚಿಮ ಡರ್ಹಮ್‌ನ ಕಲ್ಲಿದ್ದಲು ಪದರಗಳು ತೆಳುವಾದವು. ಅಲ್ಲಿ ಮಂಡಿಯೂರಿ, ಕೆಲವೊಮ್ಮೆ ಮಗ್ಗುಲಾಗಿ ಮಲಗಿ ಗುದ್ದಲಿ ಬೀಸಬೇಕಿತ್ತು. ಅಂಥ ದುಡಿಮೆಯ ನಡುವೆ ರಜೆ ಹಾಕಿ, ಆ ದಿನಗಳ ಕೂಲಿ ಬಿಟ್ಟು, ರೈಲು ಮತ್ತು ಹಡಗು ಹತ್ತಿ ಹೋದವರು ಅವರು.

ಅವರನ್ನೇ ಯಾಕೆ ಕಳಿಸಿದರು ಎಂಬ ಪ್ರಶ್ನೆಗೆ ಒಂದು ಜನಪ್ರಿಯ ಉತ್ತರವಿದೆ. ಇಂಗ್ಲೆಂಡಿನ ಫುಟ್‌ಬಾಲ್ ಅಸೋಸಿಯೇಷನ್ ತಂಡ ಕಳಿಸಲು ಒಪ್ಪದಿದ್ದಾಗ, ಲಿಪ್ಟನ್ನನ ಕಚೇರಿಯವರು ‘ಡಬ್ಲ್ಯೂ. ಎ.’ ಎಂಬ ಅಕ್ಷರಗಳನ್ನು ನೋಡಿ, ಲಂಡನ್ನಿನ ವೂಲಿಚ್ ಆರ್ಸೆನಲ್‌ಗೆ ಹೋಗಬೇಕಿದ್ದ ಆಹ್ವಾನವನ್ನು ವೆಸ್ಟ್ ಆಕ್ಲೆಂಡ್‌ಗೆ ಕಳಿಸಿಬಿಟ್ಟರಂತೆ. ಇದಕ್ಕೆ ದಾಖಲೆಯ ಆಧಾರವಿಲ್ಲ. ನನ್ನ ಅಭಿಪ್ರಾಯದಲ್ಲಿ ನಿಮ್ಮ ಲೇಖನದಲ್ಲಿ ಇದು ಇರಲೇಬಾರದು; ಇದ್ದರೂ ಕಟ್ಟುಕಥೆ ಎಂದೇ ಇರಬೇಕು. ಅಂಚೆಯ ತಪ್ಪಿನಿಂದ ಸಿಕ್ಕಿದ ಅವಕಾಶವೆಂದರೆ ಕೇಳುವವರಿಗೆ ಸೊಗಸು, ಆದರೆ ಆಡಿ ಗೆದ್ದವರ ಪಾಲಿನ ಶ್ರೇಯಸ್ಸನ್ನು ಅದು ಕಿತ್ತುಕೊಳ್ಳುತ್ತದೆ. ತಪ್ಪಿ ಕರೆದಿದ್ದರೆ 1911ರಲ್ಲಿ ಅವರನ್ನೇ ಮತ್ತೆ ಯಾಕೆ ಕರೆಯುತ್ತಿದ್ದರು?

ಉತ್ತರ: ಭದ್ರಾವತಿಯ ಹಳೆಯ ಆಟಗಾರ

ಕೊಪ್ಪದವರು ಟ್ಯೂರಿನ್ ಭಾಗವನ್ನು ಚೆನ್ನಾಗಿ ಬಿಡಿಸಿ ಹೇಳಿದ್ದಾರೆ. ಆದರೆ ಮೇಷ್ಟ್ರೇ, ನಿಮ್ಮ ಲೇಖನ ಅಲ್ಲಿಗೇ ನಿಂತರೆ ಅದು ಆ ಕ್ಲಬ್ಬಿನ ಚರಿತ್ರೆಯಾಗುವುದಿಲ್ಲ. ಕಾರ್ಖಾನೆಯ ಊರಿನಲ್ಲಿ ಆಡಿ ಬೆಳೆದವನಾಗಿ ಹೇಳುತ್ತೇನೆ: ಸಣ್ಣ ಊರಿನ ಕ್ಲಬ್ಬಿನ ನಿಜವಾದ ಚರಿತ್ರೆ ಇರುವುದು ಅದರ ಜಮಾಖರ್ಚಿನ ಪುಸ್ತಕದಲ್ಲಿ. ವೆಸ್ಟ್ ಆಕ್ಲೆಂಡ್ ವಿಷಯದಲ್ಲಂತೂ ಇದು ಅಕ್ಷರಶಃ ಸತ್ಯ.

ಎರಡು ಸಲ ಇಟಲಿಗೆ ಹೋಗಿ ಬಂದ ಖರ್ಚು ಕ್ಲಬ್ಬಿನ ಬೆನ್ನು ಮುರಿಯಿತು. ಸಾಲ ತೀರಿಸಲು ಬೇರೆ ದಾರಿ ಕಾಣದೆ, ಗೆದ್ದ ಟ್ರೋಫಿಯನ್ನೇ ತಮ್ಮೂರಿನ ವೀಟ್‌ಶೀಫ್ ಹೋಟೆಲಿನ ಒಡತಿಯ ಬಳಿ 40 ಪೌಂಡ್‌ಗೆ ಅಡವಿಟ್ಟರು. ಅಷ್ಟಾದರೂ ಉಳಿಯಲಿಲ್ಲ, 1912ರಲ್ಲಿ ಕ್ಲಬ್ ಮುಚ್ಚಿತು. ಯುವೆಂಟಸ್ ಮೇಲೆ ಆರು ಗೋಲು ಹೊಡೆದ ಮರುವರ್ಷವೇ ತಂಡವಿಲ್ಲದಂತಾಯಿತು ಎಂಬುದನ್ನು ಓದಿದಾಗ ನನಗೆ ತುಂಬಾ ಸಂಕಟವಾಯಿತು. ಸ್ವಲ್ಪ ಕಾಲದಲ್ಲೇ ಊರಿನವರು ತಂಡವನ್ನು ಮತ್ತೆ ಕಟ್ಟಿದರು. ಟ್ರೋಫಿ ಮಾತ್ರ ಸುಮಾರು ಅರ್ಧ ಶತಮಾನ ಆ ಹೋಟೆಲಿನ ಒಡತಿಯ ಬಳಿಯೇ ಇತ್ತು. ಕೊನೆಗೆ 1960ರಲ್ಲಿ ಊರಿನವರು 100 ಪೌಂಡ್ ಹೊಂದಿಸಿ ಅದನ್ನು ಬಿಡಿಸಿಕೊಂಡರು.

ಈ 1960 ಎಂಬ ವರ್ಷದ ಮೇಲೆ ಮಕ್ಕಳ ಗಮನ ಸೆಳೆಯಿರಿ. ಡರ್ಹಮ್ ಕಲ್ಲಿದ್ದಲು ಪ್ರದೇಶದಲ್ಲಿ 1913ರ ಸುಮಾರಿಗೆ ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ಗಣಿಗಳಲ್ಲಿ ದುಡಿಯುತ್ತಿದ್ದರು. ಎರಡನೆಯ ಮಹಾಯುದ್ಧದ ನಂತರ ಕೌಂಟಿಯ ಪಶ್ಚಿಮ ಭಾಗದ ಹಳೆಯ ಗಣಿಗಳು ಒಂದೊಂದಾಗಿ ಬರಿದಾಗತೊಡಗಿದವು. 1951ರ ಕೌಂಟಿ ಅಭಿವೃದ್ಧಿ ಯೋಜನೆಯು ನೂರಕ್ಕೂ ಹೆಚ್ಚು ಹಳ್ಳಿಗಳನ್ನು ‘ಡಿ’ ವರ್ಗಕ್ಕೆ ಸೇರಿಸಿ, ಅಲ್ಲಿ ಹೊಸ ಮನೆಗಳಿಗಾಗಲಿ ಸೌಕರ್ಯಗಳಿಗಾಗಲಿ ಹಣ ಹಾಕುವುದಿಲ್ಲವೆಂದು ತೀರ್ಮಾನಿಸಿತು. ಸುತ್ತಲಿನ ಗಣಿ ಹಳ್ಳಿಗಳ ಆಯುಷ್ಯವನ್ನೇ ಕಾಗದದ ಮೇಲೆ ಲೆಕ್ಕ ಹಾಕುತ್ತಿದ್ದ ಕಾಲದಲ್ಲಿ, ಕೂಲಿ ಜನರು ದುಡ್ಡು ಕೂಡಿಸಿ ಅಜ್ಜಂದಿರು ಗೆದ್ದ ಬೆಳ್ಳಿಯನ್ನು ಮನೆಗೆ ತಂದರು. ಆ ಟ್ರೋಫಿಯನ್ನು ಊರಿನ ವರ್ಕಿಂಗ್ ಮೆನ್ಸ್ ಕ್ಲಬ್ಬಿನಲ್ಲಿ, ಅಂದರೆ ಕಾರ್ಮಿಕರೇ ಸದಸ್ಯರಾಗಿ ನಡೆಸುವ ಮನರಂಜನಾ ಕೂಟದಲ್ಲಿ, ಎಲ್ಲರಿಗೂ ಕಾಣುವಂತೆ ಇಟ್ಟಿದ್ದರು. 1994ರ ಜನವರಿಯಲ್ಲಿ ಅದನ್ನು ಕಳ್ಳರು ಕದ್ದೊಯ್ದರು. ಮೂಲ ಟ್ರೋಫಿ ಮರಳಿ ಸಿಗಲಿಲ್ಲ. ಅದರ ಪ್ರತಿರೂಪವನ್ನು ಮಾಡಿಸಿ ಇಟ್ಟುಕೊಂಡಿದ್ದಾರೆ.

ನಮ್ಮೂರಿನಲ್ಲಿ ಕಾರ್ಖಾನೆಯ ಹಾಜರಿ ತುಂಬಿ ತುಳುಕುತ್ತಿದ್ದ ಕಾಲದಲ್ಲಿ ವಿಭಾಗಕ್ಕೊಂದು ತಂಡವಿತ್ತು. ಪಾಳಿ ಮುಗಿಸಿ ಬಂದವರು ಕೈಕಾಲು ತೊಳೆದುಕೊಂಡು ನೇರವಾಗಿ ಮೈದಾನಕ್ಕೆ ಇಳಿಯುತ್ತಿದ್ದರು. ಕೆಲಸಗಾರರ ಸಂಖ್ಯೆ ಇಳಿದಂತೆ ತಂಡಗಳೂ ಕರಗಿದವು. ನಮ್ಮ ತಂಡದ ಬಳಿ ಒಂದು ಮರದ ಫಲಕವಿತ್ತು; ಅದರ ಸುತ್ತ ಬೆರಳಗಲದ ಬೆಳ್ಳಿ ಬಣ್ಣದ ತಗಡುಗಳ ಮೇಲೆ ಗೆದ್ದ ವರ್ಷ, ನಾಯಕನ ಹೆಸರು ಕೊರೆಸಿರುತ್ತಿತ್ತು. ಅದೀಗ ಎಲ್ಲಿದೆಯೆಂದು ಹೇಳಬಲ್ಲವರು ಯಾರೂ ಉಳಿದಿಲ್ಲ. ವೆಸ್ಟ್ ಆಕ್ಲೆಂಡ್‌ನವರು ಅಡವಿಟ್ಟದ್ದನ್ನು ಎಲ್ಲಿ ಇಟ್ಟೆವು, ಎಷ್ಟಕ್ಕೆ ಇಟ್ಟೆವು ಎಂಬುದನ್ನು ಎರಡು ತಲೆಮಾರು ನೆನಪಿಟ್ಟುಕೊಂಡರು. ನನಗೆ ಅವರ ಎರಡು ಫೈನಲ್‌ಗಳಿಗಿಂತ ಅದೇ ಹೆಚ್ಚಿನದಾಗಿ ಕಾಣುತ್ತದೆ.

ಮರುಪ್ರಶ್ನೆ: ಶಿವಮೊಗ್ಗದ ಮೇಷ್ಟ್ರು

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಭದ್ರಾವತಿಯ ಹಿರಿಯರು ಹೇಳಿದಂತೆ ಲೇಖನದ ನಡುಭಾಗವನ್ನು 1911ರಿಂದ 1960ರ ಕಡೆಗೆ ಸರಿಸುತ್ತೇನೆ. ಇನ್ನೊಂದು ಸಂದೇಹ ಉಳಿದಿದೆ. ಗಣಿಗಳು ಮುಚ್ಚಿದ ಮೇಲೂ, ಟಿವಿಯಲ್ಲಿ ದಿನವೂ ದೊಡ್ಡ ತಂಡಗಳ ಆಟ ಬರತೊಡಗಿದ ಮೇಲೂ ಇಂಥ ಕ್ಲಬ್ ಉಳಿದದ್ದು ಹೇಗೆ? ಊರಿನ ಅಭಿಮಾನವೊಂದರಿಂದಲೇ ಇದು ಸಾಧ್ಯವೆಂದು ನನಗೆ ತೋರುವುದಿಲ್ಲ. ಅಭಿಮಾನ ನಮ್ಮ ಊರುಗಳಲ್ಲೂ ಇತ್ತು.

ಉತ್ತರ: ಸಾಗರದ ಓದುಗಿ

ಮೇಷ್ಟ್ರೇ, ನಿಮ್ಮ ಸಂದೇಹ ಸರಿಯಾದ ಜಾಗಕ್ಕೇ ಬಂದಿದೆ. ಅಭಿಮಾನದ ಜೊತೆಗೆ ಆಡಲು ಒಂದು ಕಟ್ಟುನಿಟ್ಟಾದ ವ್ಯವಸ್ಥೆ ಬೇಕು. ಅಲ್ಲಿ ಆ ವ್ಯವಸ್ಥೆಯ ಹೆಸರು ನಾರ್ದರ್ನ್ ಲೀಗ್. ಅದು ಶುರುವಾದದ್ದು 1889ರಲ್ಲಿ. 1888ರಲ್ಲಿ 12 ಕ್ಲಬ್‌ಗಳು ಕೂಡಿ ಕಟ್ಟಿದ ಫುಟ್‌ಬಾಲ್ ಲೀಗ್ ಬಿಟ್ಟರೆ ಇಂದಿಗೂ ನಡೆಯುತ್ತಿರುವ ಲೀಗ್‌ಗಳಲ್ಲಿ ಅದೇ ಹಳೆಯದು. ಪ್ರತಿವರ್ಷ ಆಗಸ್ಟ್ ಬಂತೆಂದರೆ ಪಂದ್ಯಗಳ ಪಟ್ಟಿ ಸಿದ್ಧವಾಗಿರುತ್ತದೆ. ಪಕ್ಕದೂರಿನ ತಂಡ ಇಂಥ ಶನಿವಾರ ಬರುತ್ತದೆ, ನಾವು ಇಂಥ ಶನಿವಾರ ಅಲ್ಲಿಗೆ ಹೋಗಬೇಕು ಎಂಬುದು ಮೊದಲೇ ಗೊತ್ತಿರುತ್ತದೆ. ನಮ್ಮ ಕಡೆ ಟೂರ್ನಿಯೆಂದರೆ ಯಾರೋ ದಾನಿಗಳು ಸಿಕ್ಕಿದ ವರ್ಷ ನಡೆದು, ಸಿಗದ ವರ್ಷ ನಿಂತುಹೋಗುವ ಸಂಗತಿ. ಎರಡಕ್ಕೂ ಇರುವ ವ್ಯತ್ಯಾಸ ಅದೇ ಎಂದು ನಾನು ಬಲವಾಗಿ ನಂಬುತ್ತೇನೆ.

ಎರಡನೆಯ ಕಾರಣ ನೆರೆಹೊರೆ. ವೆಸ್ಟ್ ಆಕ್ಲೆಂಡ್‌ನಿಂದ ಕೆಲವೇ ಮೈಲಿ ದೂರದ ಬಿಷಪ್ ಆಕ್ಲೆಂಡ್, ಹವ್ಯಾಸಿ ತಂಡಗಳಿಗಾಗಿ ನಡೆಯುತ್ತಿದ್ದ ಎಫ್‌ಎ ಅಮೆಚೂರ್ ಕಪ್ಪನ್ನು 10 ಸಲ ಗೆದ್ದ ಕ್ಲಬ್. ಅದರಲ್ಲಿ 1955ರಿಂದ 1957ರವರೆಗೆ ಸತತ ಮೂರು ಸಲ. 1958ರ ಫೆಬ್ರವರಿಯಲ್ಲಿ ಮ್ಯೂನಿಕ್ ವಿಮಾನ ದುರಂತದಲ್ಲಿ ಎಂಟು ಆಟಗಾರರನ್ನು ಕಳೆದುಕೊಂಡ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ನೆರವಾಗಲು ಈ ಸಣ್ಣ ಊರಿನ ಮೂವರು ಆಟಗಾರರು ಹೋದರು. ಅವರಲ್ಲಿ ಒಬ್ಬರಾದ ವಾರೆನ್ ಬ್ರ್ಯಾಡ್ಲಿ ಮುಂದೆ ಇಂಗ್ಲೆಂಡ್ ತಂಡಕ್ಕೂ ಆಡಿದರು. ಇನ್ನೊಂದು ಬದಿಯಲ್ಲಿ ಕ್ರೂಕ್ ಎಂಬ ಗಣಿ ಊರು. 1954ರಲ್ಲಿ ಕ್ರೂಕ್ ಟೌನ್ ಮತ್ತು ಬಿಷಪ್ ಆಕ್ಲೆಂಡ್ ನಡುವಣ ಅಮೆಚೂರ್ ಕಪ್ ಫೈನಲ್ಲಿಗೆ ವೆಂಬ್ಲಿ ಮೈದಾನದಲ್ಲಿ ಒಂದು ಲಕ್ಷ ಜನ ಸೇರಿದ್ದರು. ಎರಡು ಸಲ ಸಮಬಲವಾಗಿ, ಮೂರನೆಯ ಪಂದ್ಯದಲ್ಲಿ ಕ್ರೂಕ್ 1-0ರಿಂದ ಗೆದ್ದಿತು. ಆ ಊರಿನ ಕಡೆಯ ಗಣಿ ಕೆಲಸಗಾರ ಜ್ಯಾಕ್ ಗ್ರೀನ್‌ವೆಲ್ 1909ರಲ್ಲಿ ಅತಿಥಿ ಆಟಗಾರನಾಗಿ ವೆಸ್ಟ್ ಆಕ್ಲೆಂಡ್ ಜೊತೆ ಟ್ಯೂರಿನ್‌ಗೆ ಹೋದವರು. ಅನಂತರ ಅವರು ಬಾರ್ಸಿಲೋನಾ ಸೇರಿ, 1917ರಿಂದ ಅದರ ತರಬೇತುದಾರರಾದರು. 1939ರಲ್ಲಿ ಪೆರು ದೇಶದ ತಂಡಕ್ಕೆ ದಕ್ಷಿಣ ಅಮೆರಿಕದ ಚಾಂಪಿಯನ್ ಪಟ್ಟ ತಂದುಕೊಟ್ಟರು. ನಿಮ್ಮ ಮಕ್ಕಳಲ್ಲಿ ಬಾರ್ಸಿಲೋನಾ ಅಭಿಮಾನಿಗಳಿದ್ದರೆ ಅವರಿಗೆ ಇದನ್ನು ಖಂಡಿತ ಹೇಳಿ.

ಹೀಗೆ ಸುತ್ತಮುತ್ತ ಬಲವಾದ ತಂಡಗಳಿದ್ದದ್ದರಿಂದ ವೆಸ್ಟ್ ಆಕ್ಲೆಂಡ್‌ಗೆ ಸ್ಪರ್ಧೆಗಾಗಿ ದೂರ ಹೋಗುವ ಅಗತ್ಯವಿರಲಿಲ್ಲ. 1934ರಲ್ಲಿ ನಾರ್ದರ್ನ್ ಲೀಗಿಗೆ ಮರಳಿದ ಕ್ಲಬ್ 1960 ಮತ್ತು 1961ರಲ್ಲಿ ಅದರ ಚಾಂಪಿಯನ್ ಆಯಿತು. ಅದೇ 1961ರಲ್ಲಿ ವೆಂಬ್ಲಿಯಲ್ಲಿ ಅಮೆಚೂರ್ ಕಪ್ ಫೈನಲ್ ಆಡಿ ವಾಲ್ಥಮ್‌ಸ್ಟೋ ಅವೆನ್ಯೂ ತಂಡಕ್ಕೆ 2-1ರಿಂದ ಸೋತಿತು. ಭದ್ರಾವತಿಯವರು ಹೇಳಿದ ಟ್ರೋಫಿ ಬಿಡಿಸಿಕೊಂಡ ಕಾಲ ಮತ್ತು ಕ್ಲಬ್ ಮೈದಾನದಲ್ಲಿ ಎದ್ದು ನಿಂತ ಕಾಲ ಒಂದೇ ಎಂಬುದನ್ನು ಗಮನಿಸಿ.

ಮೂರನೆಯದು, ಹಣ. ಹವ್ಯಾಸಿ ಆಟಗಾರ, ವೃತ್ತಿಪರ ಆಟಗಾರ ಎಂಬ ಭೇದವನ್ನು ಫುಟ್‌ಬಾಲ್ ಅಸೋಸಿಯೇಷನ್ 1974ರಲ್ಲಿ ತೆಗೆದುಹಾಕಿತು. ಅದಕ್ಕೂ ಮೊದಲು ಕೆಲವು ಹವ್ಯಾಸಿ ಕ್ಲಬ್‌ಗಳಲ್ಲಿ ಪಂದ್ಯ ಮುಗಿದ ಮೇಲೆ ಆಟಗಾರನ ಬೂಟಿನೊಳಗೆ ಗುಟ್ಟಾಗಿ ಹಣ ಇಡುವ ವಾಡಿಕೆಯಿತ್ತು. ಎಲ್ಲರಿಗೂ ಗೊತ್ತಿದ್ದ ಈ ಸುಳ್ಳಿಗೆ ಆಗ ಕೊನೆಯಾಯಿತು. ಅಮೆಚೂರ್ ಕಪ್ ನಿಂತು, ಕೆಳಹಂತದ ಕ್ಲಬ್‌ಗಳಿಗಾಗಿ ಎಫ್‌ಎ ವಾಸ್ ಎಂಬ ಸ್ಪರ್ಧೆ ಬಂತು. ಅದರಲ್ಲಿ 2009ರಿಂದ 2013ರವರೆಗೆ ಐದೂ ವರ್ಷ ನಾರ್ದರ್ನ್ ಲೀಗಿನ ತಂಡಗಳೇ ಗೆದ್ದವು ಎಂದರೆ ಆ ಮಣ್ಣಿನ ಸತ್ವ ಅರ್ಥವಾದೀತು. ವೆಸ್ಟ್ ಆಕ್ಲೆಂಡ್ 2012ರಲ್ಲಿ ಮತ್ತು 2014ರಲ್ಲಿ ವೆಂಬ್ಲಿಯ ಫೈನಲ್ ತಲುಪಿತು. ಮೊದಲ ಸಲ ತನ್ನದೇ ಲೀಗಿನ ಡನ್‌ಸ್ಟನ್‌ಗೆ 2-0ರಿಂದ, ಎರಡನೆಯ ಸಲ ದಕ್ಷಿಣದ ಶೋಲಿಂಗ್‌ಗೆ 1-0ರಿಂದ ಸೋತಿತು. ಇವತ್ತು ಟಿಕೆಟ್ಟಿನ ಹಣ, ಕ್ಲಬ್ಬಿನ ಬಾರಿನ ವ್ಯಾಪಾರ, ಊರಿನ ಅಂಗಡಿಗಳ ಜಾಹೀರಾತು ಫಲಕ, ಸಂಬಳವಿಲ್ಲದೆ ದುಡಿಯುವ ಸ್ವಯಂಸೇವಕರು, ಇವುಗಳಿಂದ ಈ ಹಂತದ ಕ್ಲಬ್‌ಗಳು ನಡೆಯುತ್ತವೆ. ಬೆಳಿಗ್ಗೆ ಅಂಕಣಕ್ಕೆ ಸುಣ್ಣದ ಗೆರೆ ಎಳೆದವರೇ ಮಧ್ಯಾಹ್ನ ಬಾಗಿಲಲ್ಲಿ ಟಿಕೆಟ್ ಹರಿಯುವುದು ಅಲ್ಲಿ ಸಾಮಾನ್ಯ. ಹೆಗ್ಗೋಡಿನಲ್ಲಿ ನಾಟಕದ ದಿನ ಊರಿನವರು ಕುರ್ಚಿ ಹೊರುವುದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಪ್ರತಿಕ್ರಿಯೆ: ಶಿವಮೊಗ್ಗದ ಮೇಷ್ಟ್ರು

ಅಮ್ಮಾ, ಇಷ್ಟು ವಿವರವಾಗಿ ಬರೆದದ್ದಕ್ಕೆ ನಾನು ಋಣಿ. ಕೊನೆಯದಾಗಿ ಒಂದು ಮಾತು ಕೇಳುತ್ತೇನೆ. 1912ರಲ್ಲಿ ಮುಚ್ಚಿಹೋದ ಮೇಲೆ ಮತ್ತೆ ಕಟ್ಟಿದ ಕ್ಲಬ್ಬನ್ನು 1909ರಲ್ಲಿ ಗೆದ್ದ ಕ್ಲಬ್ ಎಂದೇ ಬರೆಯಬಹುದೇ? ಇಂಥ ಕಡೆ ಎಚ್ಚರ ತಪ್ಪಬಾರದಲ್ಲವೇ?

ಉತ್ತರ: ಕೊಪ್ಪದ ಕಾಫಿ ಬೆಳೆಗಾರ

ಕಾನೂನಿನ ಕಣ್ಣಿನಲ್ಲಿ ಬೇರೆ ಸಂಸ್ಥೆಯೆನ್ನಬಹುದು. ಊರು ಅದನ್ನು ಒಂದೇ ಕ್ಲಬ್ ಎಂದು ಎಣಿಸಿದೆ, ಯುವೆಂಟಸ್‌ನವರೂ ಹಾಗೆಯೇ ಎಣಿಸಿದರು: ಮೊದಲ ಗೆಲುವಿಗೆ ನೂರು ವರ್ಷ ತುಂಬಿದ 2009ರಲ್ಲಿ ವೆಸ್ಟ್ ಆಕ್ಲೆಂಡ್ ತಂಡ ಟ್ಯೂರಿನ್‌ಗೆ ಹೋಗಿ ಅವರ ಕಿರಿಯರ ತಂಡದೊಂದಿಗೆ ಸ್ಮರಣಾರ್ಥ ಪಂದ್ಯ ಆಡಿತು. ಆದ್ದರಿಂದ ‘1912ರಲ್ಲಿ ಸಾಲದಿಂದ ಮುಚ್ಚಿ, ಊರಿನವರು ಮತ್ತೆ ಕಟ್ಟಿದ ಕ್ಲಬ್’ ಎಂದು ಒಂದು ವಾಕ್ಯ ಸೇರಿಸಿ, ಉಳಿದುದನ್ನು ಒಂದೇ ಚರಿತ್ರೆಯಾಗಿ ಬರೆಯಿರಿ. ಸ್ಥಾಪನೆಯ ವರ್ಷವೆಂದು ಕ್ಲಬ್ ಹೇಳಿಕೊಳ್ಳುವ 1893ನ್ನೇ ಇಡಿ. ಸಮಾಜ ವಿಜ್ಞಾನದ ಮಕ್ಕಳಿಗಾಗಿ ಇನ್ನೊಂದು ಸಂಗತಿಯನ್ನೂ ಸೇರಿಸಬಹುದು: 1825ರ ಸ್ಟಾಕ್‌ಟನ್-ಡಾರ್ಲಿಂಗ್‌ಟನ್ ರೈಲು ಮಾರ್ಗಕ್ಕಾಗಿ ಗಾನ್‌ಲೆಸ್ ಹೊಳೆಗೆ ಕಟ್ಟಿದ ಕಬ್ಬಿಣದ ಸೇತುವೆ, ಜಗತ್ತಿನ ಮೊತ್ತಮೊದಲ ಕಬ್ಬಿಣದ ರೈಲು ಸೇತುವೆಗಳಲ್ಲಿ ಒಂದಾದದ್ದು, ಇದ್ದದ್ದು ಇದೇ ವೆಸ್ಟ್ ಆಕ್ಲೆಂಡ್‌ನಲ್ಲಿ. ಅಲ್ಲಿನ ಕಲ್ಲಿದ್ದಲನ್ನು ಬಂದರಿಗೆ ಸಾಗಿಸಲೆಂದೇ ಆ ರೈಲು ಬಂದದ್ದು, ಆ ಕಲ್ಲಿದ್ದಲಿನಿಂದಲೇ ಊರಿಗೆ ಜನ ಬಂದದ್ದು.